ಹದಿನೈದು ಮಾರು ದೂರ: ಬೋರಗಾಂವದಾಗ ನಾಯಿ ಜೋಡಿ ನಡಿಗೆ

ಬೋರಗಾಂವದಲ್ಲಿ ನಾಯಿಗೆ ಬೆಲ್ಟ್ ಹಾಕಿ, ಹಗ್ಗ ಹಿಡಿದು ನಡೆದರೆ ಜನ ಮೊದಲು ನೋಡೋದು ನಾಯಿಯನ್ನಲ್ಲ, ಹಗ್ಗವನ್ನು. ‘ಯಾಕ್ರೀ, ಕಡೀತೈತೇನು?’ ಅನ್ನೋದು ಮೊದಲ ಪ್ರಶ್ನೆ. ಕನ್ನಡದಲ್ಲಿ ಬರದಿದ್ದರೆ ‘ಚಾವತೋ ಕಾ?’ ಅಂತ ಮರಾಠಿಯಲ್ಲಿ ಬರುತ್ತದೆ. ಈ ಊರಲ್ಲಿ ಹಗ್ಗ ಇರೋದು ಎಮ್ಮೆಗೆ, ಆಡಿಗೆ. ನಾಯಿಗಳು ಬಿಟ್ಟೇ ಇರುತ್ತವೆ. ಒಬ್ಬರ ಮನೆ ಕಟ್ಟೆ ಮೇಲೆ ಮಲಗಿ, ಇನ್ನೊಬ್ಬರ ಮನೆ ರೊಟ್ಟಿ ತಿಂದು, ತಮ್ಮ ಓಣಿಯ ಗಡಿ ತಾವೇ ಕಾಯುತ್ತವೆ. ಅಂಥಲ್ಲಿ ಕಟ್ಟಿದ ನಾಯಿ ಅಂದರೆ ಕಡಿಯೋ ನಾಯಿ ಅಂತಲೇ ಲೆಕ್ಕ.

ಬೋರಗಾಂವ ಬೆಳಗಾವಿ ಜಿಲ್ಲೆಯ ಉತ್ತರದ ಅಂಚು, ನಿಪ್ಪಾಣಿ ತಾಲೂಕು. ಗಡಿ ದಾಟಿದರೆ ಮಗ್ಗದ ಸದ್ದಿನ ಇಚಲಕರಂಜಿ. ಸುತ್ತ ದೂಧಗಂಗಾ ಬಯಲಿನ ಕಪ್ಪು ಮಣ್ಣು, ಕಣ್ಣು ಹಾಯುವಷ್ಟು ಕಬ್ಬು. ಇಲ್ಲಿಯ ಮನುಷ್ಯರಿಗಷ್ಟೇ ಅಲ್ಲ, ನಾಯಿಗಳಿಗೂ ಎರಡು ಭಾಷೆ ಬರುತ್ತವೆ. ‘ಹಚಾ’ ಅಂದರೂ ಓಡುತ್ತವೆ, ‘ಹಾಡ್’ ಅಂದರೂ ಓಡುತ್ತವೆ.

ನಮ್ಮ ಮೋತ್ಯಾ ಮಾತ್ರ ಪುಣೆಯ ಫ್ಲ್ಯಾಟ್‌ನಲ್ಲಿ ಬೆಳೆದವನು. ಕೆಲಸ ಮನೆಯಿಂದಲೇ ಅಂತ ಆದ ಮೇಲೆ ನನ್ನ ಜೋಡಿ ಊರಿಗೆ ಬಂದ. ಮನುಷ್ಯರ ಜೋಡಿ ಬೆಣ್ಣೆಯಂಥವನು. ಹಗ್ಗದಲ್ಲಿದ್ದಾಗ ಇನ್ನೊಂದು ನಾಯಿ ಕಂಡರೆ ಮಾತ್ರ ಎರಡು ಕಾಲ ಮೇಲೆ ನಿಂತು, ಬೊಗಳಿ, ಹಗ್ಗ ಜಗ್ಗಿ ರಂಪ ಮಾಡುತ್ತಿದ್ದ. ಓಣಿಯಲ್ಲಿ ಸಣ್ಣ ಹುಡುಗರು ಆಡುತ್ತಿರುತ್ತಾರೆ. ಮನೆಯಲ್ಲಿ ಹಿರಿಯರು ಒಂದೇ ಮಾತು ಹೇಳಿದರು: ‘ತ್ವಾಟದಾಗ ಒಯ್ದು ಸರಪಳಿಗೆ ಕಟ್ಟು, ಇಲ್ಲಾಂದ್ರ ಯಾರಿಗರ ಕೊಡು.’ ಸಿಟ್ಟಿನಿಂದ ಅಂದ ಮಾತಲ್ಲ. ಊರಲ್ಲಿ ಒಂದು ಸಲ ‘ಕಡಿಯೋ ನಾಯಿ’ ಅಂತ ಹೆಸರು ಬಿದ್ದರೆ ಅದಕ್ಕೆ ಆಯುಷ್ಯ ಕಡಿಮೆ ಅನ್ನೋದು ಅವರಿಗೆ ಗೊತ್ತಿತ್ತು. ಮೋತ್ಯಾನ ಉಳಿದ ಹತ್ತು ವರ್ಷ ಸರಪಳಿಯಲ್ಲೋ, ರಸ್ತೆಯಲ್ಲೋ ಅನ್ನೋದು ಅಲ್ಲಿ ನಿರ್ಧಾರವಾಗಬೇಕಿತ್ತು.

ಹಗ್ಗ ಕಸಿದುಕೊಳ್ಳುವುದು ಏನನ್ನು?

ಬಿಟ್ಟ ನಾಯಿಗಳು ಒಂದನ್ನೊಂದು ಭೇಟಿ ಆಗೋದನ್ನು ಸುಮ್ಮನೆ ನಿಂತು ನೋಡ್ರಿ. ಎದುರಾಎದುರು ನೇರವಾಗಿ ಬರೋದು ಕಡಿಮೆ. ಒಂದು ಸ್ವಲ್ಪ ಬಾಗಿ, ಅರ್ಧ ಸುತ್ತು ಹಾಕಿ ಬರುತ್ತದೆ. ಇನ್ನೊಂದು ಮುಖ ತಿರುಗಿಸಿ ನೆಲ ಮೂಸುತ್ತದೆ. ಇಷ್ಟವಾಗದಿದ್ದರೆ ಒಂದು ಪಕ್ಕಕ್ಕೆ ಸರಿಯುತ್ತದೆ, ಅಲ್ಲಿಗೆ ಮಾತು ಮುಗಿಯಿತು.

ಹಗ್ಗದಲ್ಲಿರುವ ನಾಯಿಗೆ ಈ ಸೌಲಭ್ಯ ಇಲ್ಲ. ನಾವು ಅದನ್ನು ರಸ್ತೆ ಮಧ್ಯದಲ್ಲಿ ನೇರವಾಗಿ ನಡೆಸುತ್ತೇವೆ. ಬಾಗಿ ಹೋಗಲು ಜಾಗ ಇಲ್ಲ, ಓಡಿ ಹೋಗಲು ದಾರಿ ಇಲ್ಲ. ಹೆದರಿದ ಪ್ರಾಣಿಗೆ ಓಡುವ ದಾರಿ ಮುಚ್ಚಿದರೆ ಉಳಿಯೋದು ಗದ್ದಲ ಮಾಡಿ ಎದುರಿನದನ್ನು ಓಡಿಸುವುದು. ಹಾಗೆ ಬೊಗಳಿದಾಗ ಎದುರಿನ ನಾಯಿ ದೂರ ಹೋದರೆ, ‘ಇದು ಕೆಲಸ ಮಾಡ್ತದ’ ಅಂತ ನಾಯಿ ಕಲಿಯುತ್ತದೆ. ಕೆಲವು ನಾಯಿಗಳಿಗೆ ಹೆದರಿಕೆ ಅಲ್ಲ, ಹೋಗಿ ಮೂಸಲಾಗದ ಸಂಕಟ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ.

ಮೋತ್ಯಾನ ಮೈಯಲ್ಲಿ ಮುಧೋಳ ತಳಿಯ ಬೆರಕೆ ಇದೆ: ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ. ಪಕ್ಕದ ಬಾಗಲಕೋಟ ಜಿಲ್ಲೆಯ ಈ ತಳಿಗೆ 2005ರಲ್ಲಿ ಅಂಚೆ ಚೀಟಿ ಬಂತು, ಆಮೇಲೆ ಸೇನೆಯೂ ತರಬೇತಿಗೆ ತೆಗೆದುಕೊಂಡಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಇದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲ ಅಲುಗಿದರೂ ಕಾಣುವ ಕಣ್ಣು ಅದು. ಬೇರೆ ನಾಯಿ ಗಮನಿಸದ ಅಂತರದಲ್ಲೇ ಮೋತ್ಯಾನ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಅವನ ಪಾಠ ಶುರುವಾಗಬೇಕಾದದ್ದು ತುಂಬ ದೂರದಿಂದ.

ಹೊಸ್ತಿಲು ಹುಡುಕುವುದು

ತರಬೇತಿ ಕೊಡುವವರು ‘ಥ್ರೆಶೋಲ್ಡ್’ ಅನ್ನುವುದಕ್ಕೆ ನಮ್ಮ ಹೊಸ್ತಿಲು ಅನ್ನೋ ಪದವೇ ಸರಿ. ಇನ್ನೊಂದು ನಾಯಿ ಕಂಡೂ ನಿಮ್ಮ ನಾಯಿ ಯೋಚಿಸುವ ಸ್ಥಿತಿಯಲ್ಲಿರುವ ಅಂತರ ಹೊಸ್ತಿಲ ಆಚೆ. ಅದಕ್ಕಿಂತ ಹತ್ತಿರ ಬಂದರೆ ತಲೆ ಓಡುವುದಿಲ್ಲ, ಪಾಠವೂ ಹತ್ತುವುದಿಲ್ಲ.

ನಾನು ಅಳೆದದ್ದು ಮಾರಿನಲ್ಲಿ. ಎರಡೂ ಕೈ ಚಾಚಿದರೆ ಒಂದು ಮಾರು, ಹೆಚ್ಚುಕಡಿಮೆ ಆರು ಅಡಿ. ಇಪ್ಪತ್ತು ಮಾರಿನಲ್ಲಿ ಮೋತ್ಯಾ ಕಿವಿ ಎತ್ತಿ ನೋಡಿ, ಮತ್ತೆ ನನ್ನ ಕಡೆ ತಿರುಗುತ್ತಿದ್ದ. ಹದಿನೈದರಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದ, ಮೈಭಾರ ಮುಂಗಾಲಿಗೆ ಬರುತ್ತಿತ್ತು, ಕೊಟ್ಟ ತಿನಿಸನ್ನು ಒರಟಾಗಿ ಕಸಿಯುತ್ತಿದ್ದ. ಹತ್ತರಲ್ಲಿ ಗದ್ದಲ. ಬೊಗಳುವ ಮುಂಚೆ ನಾಯಿ ಇಷ್ಟೆಲ್ಲ ಹೇಳುತ್ತದೆ. ಬಾಯಿ ಮುಚ್ಚಿದ ಆ ಕ್ಷಣವೇ ನಮಗೆ ತಿರುಗಿ ನಡೆಯುವ ಸೂಚನೆ.

ಪಾಠ ಸರಳ. ಹದಿನೈದು ಮಾರಿನ ಆಚೆ ನಾಯಿ ಕಂಡಿತು, ಮೋತ್ಯಾಗೆ ತಿನಿಸು. ಆ ನಾಯಿ ಮರೆಯಾಯಿತು, ತಿನಿಸು ಬಂದ್. ಅವನು ಸುಮ್ಮನಿದ್ದದ್ದಕ್ಕೆ ಬಹುಮಾನ ಅಲ್ಲ ಇದು. ನಾಯಿ ಕಾಣೋದೇ ಒಳ್ಳೆಯ ಸುದ್ದಿ ಅಂತ ಮನಸ್ಸಿಗೆ ಗಂಟು ಹಾಕುವುದು. ಗಂಟೆ ಮತ್ತು ಜೊಲ್ಲಿನ ಪಾವ್ಲೋವ್ ಪ್ರಯೋಗವನ್ನು ಶಾಲೆಯಲ್ಲಿ ಓದಿದ್ದೀರಿ, ಅದೇ ಇದು. ಕೆಲವು ವಾರಗಳ ನಂತರ ಅವನು ನಾಯಿ ಕಂಡ ಕೂಡಲೇ ‘ಕೊಡು’ ಅನ್ನುವಂತೆ ನನ್ನ ಮುಖ ನೋಡತೊಡಗಿದ. ಅಮೆರಿಕದ ತರಬೇತುದಾರ್ತಿ ಲೆಸ್ಲಿ ಮ್ಯಾಕ್‌ಡೆವಿಟ್ 2007ರ ಪುಸ್ತಕದಲ್ಲಿ ಇದನ್ನೇ ‘ಲುಕ್ ಆಟ್ ದ್ಯಾಟ್’ ಅನ್ನುವ ಆಟವಾಗಿ ಹೇಳಿಕೊಟ್ಟಿದ್ದಾರೆ. ‘ಅದೋ ನೋಡು’ ಅಂದರೆ ನೋಡಬೇಕು, ತಿರುಗಿ ಬಂದು ತಿನ್ನಬೇಕು.

ತಿನಿಸು ಪನೀರ್ ಚೂರು ಅಥವಾ ಬೇಯಿಸಿದ ಗೆಣಸು, ಕಡಲೆ ಕಾಳಿನಷ್ಟು ಸಣ್ಣದು. ಒಂದು ಎಚ್ಚರಿಕೆ: ಅಥಣಿ ಕಡೆಯಿಂದ ದ್ರಾಕ್ಷಿ ಬಂದಾಗ ನಾಯಿಗೂ ಒಂದು ಎಸೆಯೋಣ ಅನಿಸುತ್ತದೆ. ಬೇಡ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಚಾಕೊಲೇಟ್ ಕೂಡ ಆಗದು.

ಕಬ್ಬು ಎತ್ತರ ಆದಾಗ

ಯೂಟ್ಯೂಬ್ ವಿಡಿಯೊಗಳಲ್ಲಿ ಎದುರಿಗೆ ನಾಯಿ ಬಂದರೆ ರಸ್ತೆಯ ಆ ಬದಿಗೆ ದಾಟಿ ಅನ್ನುತ್ತಾರೆ. ಅಲ್ಲಿ ಆ ನಾಯಿಯೂ ಹಗ್ಗದಲ್ಲಿರುತ್ತದೆ. ಬೋರಗಾಂವದಲ್ಲಿ ನಾವು ದಾಟಿದರೆ ಅದೂ ದಾಟುತ್ತದೆ. ಹಳೇ ಓಣಿಗಳ ಅಗಲವೋ ಎರಡು ಮಾರು. ಹಾಗಾಗಿ ಇಲ್ಲಿಯ ಪಾಠಕ್ಕೆ ಇಲ್ಲಿಯದೇ ನಕ್ಷೆ ಬೇಕು.

ಆ ನಕ್ಷೆ ಕಬ್ಬಿನ ಜೋಡಿ ಬದಲಾಗುತ್ತದೆ. ಮಳೆಗಾಲ ಮುಗಿಯುವಾಗ ಕಬ್ಬು ಆಳೆತ್ತರ ಮೀರಿರುತ್ತದೆ. ಹೊಲದ ದಾರಿ ಅಂದರೆ ಎರಡು ಹಸಿರು ಗೋಡೆಗಳ ನಡುವಿನ ಸಂದು. ಎಲೆ ಸರಸರ ಅಂದು ಮೂರು ಮಾರು ದೂರದಲ್ಲಿ ನಾಯಿ ಹೊರಬಂದರೆ ಯಾವ ಪಾಠವೂ ನಡೆಯದು. ಆ ತಿಂಗಳುಗಳಲ್ಲಿ ಕಬ್ಬಿನ ದಾರಿ ಬಿಟ್ಟು, ದೂರ ಕಾಣುವ ಡಾಂಬರು ರಸ್ತೆಯ ಬದಿಯಲ್ಲೇ ಬೆಳಗಿನ ಐದೂವರೆಗೆ ನಡೆಯುತ್ತೇವೆ.

ಕಾರ್ಖಾನೆಗಳ ಹಂಗಾಮು ಶುರುವಾದರೆ ಇನ್ನೊಂದು ಕಥೆ. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್, ಅದರ ಮೇಲೆ ಎದೆ ನಡುಗಿಸುವ ಹಾಡು. ಮರಾಠವಾಡಾ ಕಡೆಯಿಂದ ಕಬ್ಬು ಕಡಿಯಲು ಬಂದ ಟೋಳಿಗಳ ಗುಡಿಸಲು, ಎತ್ತು, ಕೆಲವರ ಜೋಡಿ ಹೊಸ ನಾಯಿಗಳು. ನಾಯಿಯ ಒತ್ತಡ ಟ್ರಾಲಿಯ ಹೇರಿನಂತೆ, ಒಂದರ ಮೇಲೊಂದು ಏರುತ್ತದೆ. ಟ್ರ್ಯಾಕ್ಟರ್ ಹಾರ್ನ್, ಆಮೇಲೆ ಎತ್ತಿನಗಾಡಿ, ಆಮೇಲೆ ಸೈಕಲ್ ಹುಡುಗರು. ನಾಲ್ಕನೆಯದಾಗಿ ಬಂದ ಬಡಪಾಯಿ ನಾಯಿಮರಿಯ ಮೇಲೆ ಸಿಟ್ಟು ಹೊರಬೀಳುತ್ತದೆ. ಅಂಥ ದಿನ ನಡಿಗೆ ಮೊಟಕು. ಮನೆ ಹಿತ್ತಿಲಲ್ಲಿ ರವದಿ ಹರಡಿ, ಅದರೊಳಗೆ ತಿನಿಸು ಚೆಲ್ಲಿದರೆ ಮೂಸಿ ಮೂಸಿ ಹುಡುಕುತ್ತಾನೆ. ಇಪ್ಪತ್ತು ನಿಮಿಷ ಮೂಗಿನ ಕೆಲಸ ಆದರೆ ತಾನೇ ಹೋಗಿ ಮಲಗುತ್ತಾನೆ.

ಕಟಾವು ಆದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಜನವರಿ, ಫೆಬ್ರುವರಿಯಲ್ಲಿ ಕುಳೆ ಕಬ್ಬು ಮೊಣಕಾಲೆತ್ತರ ಕೂಡ ಇರುವುದಿಲ್ಲ. ಒಂದು ಬದುವಿನ ಮೇಲೆ ನಿಂತರೆ ಮುನ್ನೂರು ಹೆಜ್ಜೆ ಆಚೆಯ ನಾಯಿ ಕಾಣುತ್ತದೆ. ನಮ್ಮ ಬಹುಪಾಲು ಕಲಿಕೆ ನಡೆದದ್ದು ಈ ಎರಡು ತಿಂಗಳಲ್ಲಿ. ಈ ಭಾಗದಲ್ಲಿ ಇಂಥ ನಾಯಿ ಇಟ್ಟುಕೊಂಡವರು ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಕಲ್ಲು ಎತ್ತುವ ಕೈ

ಬಿಟ್ಟ ನಾಯಿ ಮೇಲೆ ಬಂದರೆ ಬಗ್ಗಿ ಕಲ್ಲು ಎತ್ತಿದಂತೆ ಮಾಡು, ಓಡುತ್ತದೆ. ಇದು ಊರ ಹುಡುಗರಿಗೆಲ್ಲ ಗೊತ್ತಿರುವ ವಿದ್ಯೆ, ಫಲಿಸುವುದೂ ಹೌದು. ಆದರೆ ನಮ್ಮ ನಾಯಿಯ ಕಣ್ಣಿನಿಂದ ನೋಡಿ: ಇನ್ನೊಂದು ನಾಯಿ ಬಂದಾಗಲೆಲ್ಲ ಯಜಮಾನ ಬಗ್ಗುತ್ತಾನೆ, ಕೂಗುತ್ತಾನೆ, ಹಗ್ಗ ಬಿಗಿಯುತ್ತಾನೆ. ಅಂದರೆ ಅಪಾಯ ನಿಜ. ಅದರ ಬದಲು ಜೇಬಿನಲ್ಲಿ ಒಣ ರೊಟ್ಟಿ ಚೂರು ಇಟ್ಟುಕೊಂಡು, ಬರುವ ನಾಯಿಯ ಮುಂದೆ ಹರಡುವಂತೆ ಚೆಲ್ಲಿ, ನಾವು ತಿರುಗಿ ನಡೆಯುವುದು ಒಳ್ಳೆಯದು. ಅದು ಆರಿಸಿ ತಿನ್ನುವಷ್ಟರಲ್ಲಿ ನಾವು ಹೊಸ್ತಿಲ ಆಚೆ.

ನಾಯಿಗಳಿಗಿಂತ ಜನರಿಗೆ ಹೇಳೋದು ಹೆಚ್ಚು ಮಾತಿನ ಕೆಲಸ. ಚಹಾದಂಗಡಿ, ಹಾಲಿನ ಡೇರಿ, ಗಿರಣಿ ಮುಂದೆ ಕೂರುವವರಿಗೆ ಒಂದೇ ಮಾತು ಹೇಳಿಟ್ಟೆ: ‘ಮೋತ್ಯಾ ಬಂದ್ರ ನಿಮ್ಮ ನಾಯಿಗೆ ಛೂ ಅನ್ನಬ್ಯಾಡ್ರಿ, ಹಾಡ್ ಅನ್ನಬ್ಯಾಡ್ರಿ, ಸುಮ್ನ ಇರ್ರಿ.’ ಮೊದಲು ನಕ್ಕರು. ಈಗ ಗಿರಣಿಯ ಅಜ್ಜ ನಮ್ಮನ್ನು ದೂರದಿಂದ ಕಂಡರೆ ತನ್ನ ಕರಿ ನಾಯಿಯನ್ನು ‘ಯೂ ಯೂ’ ಅಂತ ಒಳಗೆ ಕರೆಯುತ್ತಾನೆ. ಯಾವ ತರಬೇತುದಾರನೂ ಕೊಡಲಾಗದ ಐದು ಮಾರು ಅಂತರ ಅದು.

ಕತ್ತು ಹಿಸುಕುವ ಸರಪಳಿ, ಮುಳ್ಳಿನ ಪಟ್ಟಿ ಹಾಕು ಅನ್ನುವವರು ಇಲ್ಲೂ ಇದ್ದಾರೆ, ಪುಣೆಯಲ್ಲೂ ಇದ್ದರು. ನೋವಿಗೆ ಬೊಗಳುವುದು ನಿಲ್ಲಬಹುದು. ಆದರೆ ‘ನಾಯಿ ಕಂಡರೆ ಕತ್ತು ನೋಯುತ್ತದೆ’ ಅನ್ನುವ ಪಾಠವೂ ಅದರ ಜೋಡಿ ಒಳಗೆ ಇಳಿಯುತ್ತದೆ. ಅಮೆರಿಕದ ಪಶುವೈದ್ಯರ ವರ್ತನಾ ಸಂಘ 2021ರಲ್ಲಿ, ವರ್ತನೆಯ ಸಮಸ್ಯೆ ಇರುವ ನಾಯಿಗೂ ಬಹುಮಾನದ ದಾರಿಯೇ ಸರಿ ಎಂದು ಸ್ಪಷ್ಟವಾಗಿ ಹೇಳಿದೆ. ನಮ್ಮ ಸಾಮಾನು ಇಷ್ಟೇ: ಎದೆಗೆ ಹಾಕುವ ಹಾರ್ನೆಸ್, ಎರಡು ಮೀಟರ್ ಗಟ್ಟಿ ಹಗ್ಗ, ಸಂತೆ ದಿನಕ್ಕೆ ಬುಟ್ಟಿ ಆಕಾರದ ಬಾಯಿಕುಕ್ಕೆ. ಎತ್ತಿಗೆ ಕುಕ್ಕೆ ಹಾಕುವ ಊರಲ್ಲಿ ಅದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ಬಾಯಿ ತೆರೆದು ತೇಗಲು, ನೀರು ಕುಡಿಯಲು ಆಗುವಂಥದ್ದಿರಬೇಕು. ಹತ್ತು ದಿನ ಅದರೊಳಗೇ ಪನೀರ್ ಇಟ್ಟು ತಿನ್ನಿಸಿದರೆ ನಾಯಿ ತಾನೇ ಮೂತಿ ತೂರಿಸುತ್ತದೆ.

ಕಡಿತ ಅಂದರೆ ಏನು ಅಂತ ಮರೆಯಬಾರದು

ನಾಯಿಪ್ರೀತಿಯ ಮಾತಿನಲ್ಲಿ ರೇಬಿಸ್ ಮರೆತರೆ ಅದು ಪ್ರೀತಿ ಅಲ್ಲ. ರೋಗಲಕ್ಷಣ ಶುರುವಾದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಕಡಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿ, ಪೂರ್ತಿ ಮುಗಿಸಿ. ನಿಮ್ಮ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಿದ ಕಾರ್ಡು ಮನೆಯಲ್ಲಿರಲಿ.

ಬೀದಿನಾಯಿಗಳ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಹಿಡಿದ ನಾಯಿಯನ್ನು ಅದೇ ಜಾಗಕ್ಕೆ ಬಿಡಬೇಕು ಅನ್ನೋದೂ ಅದರಲ್ಲೇ ಇದೆ. 2025ರ ಆಗಸ್ಟ್‌ನಲ್ಲಿ ದಿಲ್ಲಿ ನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಆದೇಶ ಎರಡು ವಾರದೊಳಗೆ ಬದಲಾದದ್ದನ್ನು ಎಲ್ಲರೂ ಫೋನಿನಲ್ಲಿ ಓದಿದ್ದೇವೆ. ಆ ವಾದದಲ್ಲಿ ನೀವು ಯಾವ ಕಡೆಯಾದರೂ ಇರಿ, ನಿಮ್ಮ ಓಣಿಯ ನಾಲ್ಕು ನಾಯಿಗಳಿಗೆ ಲಸಿಕೆ ಬಿದ್ದಿದೆಯಾ ಅಂತ ವಿಚಾರಿಸೋದು ಎಲ್ಲರಿಗೂ ಆಗುವ ಕೆಲಸ.

ಈಗ ಎಷ್ಟು ಮಾರು?

ಎಂಟು ತಿಂಗಳಾಯಿತು. ಹದಿನೈದು ಮಾರು ಈಗ ಐದಕ್ಕೆ ಬಂದಿದೆ. ಮೋತ್ಯಾ ಊರ ನಾಯಿಗಳ ದೋಸ್ತ್ ಆಗಿಲ್ಲ, ಆಗಬೇಕಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ನಾವು ಮಾತಾಡಿಸುತ್ತೇವೆಯೇ? ಸುಮ್ಮನೆ ಹಾದು ಹೋಗುವುದು ಕಲಿತರೆ ಸಾಕು. ಸಂತೆಯ ದಿನ, ಹಬ್ಬದ ಪಟಾಕಿ ಹೊತ್ತಿನಲ್ಲಿ ಅಳತೆ ಮತ್ತೆ ಹತ್ತಕ್ಕೆ ಏರುತ್ತದೆ. ಆವತ್ತು ಹತ್ತೇ ಸರಿ ಅಂತ ನಾವು ಹಿಂದೆ ಸರಿಯುತ್ತೇವೆ.

ತೋಟದ ಮನೆಯ ಸರಪಳಿ ಮಾತು ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ಹಿರಿಯರೇ ಬೆಳಿಗ್ಗೆ ಜೇಬಿಗೆ ರೊಟ್ಟಿ ಚೂರು ಹಾಕಿಕೊಂಡು, ‘ಇವತ್ತ ಯಾವ ಕಡೆ ಕಬ್ಬು ಕಡದಾರ?’ ಅಂತ ಕೇಳಿ ದಾರಿ ನಿರ್ಧರಿಸುತ್ತಾರೆ. ನಿಮ್ಮ ಮನೆಯಲ್ಲೂ ಹಗ್ಗ ಜಗ್ಗುವ, ರಸ್ತೆ ತುಂಬ ಬೊಗಳುವ ಒಂದು ಜೀವ ಇದ್ದರೆ, ನಾಳೆ ಬೆಳಿಗ್ಗೆ ಏನೂ ಕಲಿಸಲು ಹೋಗಬೇಡಿ. ಎಷ್ಟು ದೂರದಲ್ಲಿ ಅದರ ಬಾಯಿ ಮುಚ್ಚುತ್ತದೆ ಅಂತ ಅಳೆದುಕೊಂಡು ಬನ್ನಿ, ಸಾಕು.