ಎಡಗಡೆಯ ಹೊಗೆ

ಬಿಂಡಿಗನವಿಲೆ ವಾಹನಕ್ಕೆ ಕೈಮುಗಿಯುವ ಊರು. ಗುಡಿಯ ಒಡೆಯ ಚೆನ್ನಕೇಶವನೇ ಆದರೂ ಹೆಸರು ಮಾಡಿದವನು ಅವನನ್ನು ಹೊರುವ ಗರುಡ. ಹಾಗಾಗಿ ನಮ್ಮಪ್ಪ ಶನಿವಾರ ಶನಿವಾರ ತನ್ನ ಯೆಜ್ಡಿಯ ಹ್ಯಾಂಡಲ್ಲಿಗೆ ಒಂದು ಹೂ ಸಿಕ್ಕಿಸುತ್ತಿದ್ದುದನ್ನು ಊರಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಗಾಡಿ ನಿಂತುಹೋಗಿ ಕೊಟ್ಟಿಗೆ ಸೇರಿದ ಮೇಲೂ ಹೂ ತಪ್ಪಲಿಲ್ಲ. ಸೀಟಿನ ಮೇಲೆ ಕೋಳಿ ಮೊಟ್ಟೆಯಿಡಲು ಶುರುಮಾಡಿದಾಗ ಮಾತ್ರ ಅಪ್ಪ ನನ್ನ ಮುಖ ನೋಡಿದರು. ಆ ನೋಟದ ಖರ್ಚು ಎಷ್ಟಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಗಾಡಿ ಮೈಸೂರಿನದು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಝೆಕ್ ದೇಶದ ಜಾವಾ ಮೋಟಾರ್ ಸೈಕಲ್ಲುಗಳನ್ನು ಇಲ್ಲಿಯೇ ತಯಾರಿಸಲು ಶುರುಮಾಡಿತು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ನಮ್ಮದು ರೋಡ್‌ಕಿಂಗ್. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಸಿಲಿಂಡರು ಒಂದು, ಸೈಲೆನ್ಸರು ಎರಡು. ಈ ಒಂದು–ಎರಡರ ಲೆಕ್ಕವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನಾನು ಮರೆತಿದ್ದೆ.

ನಾಗಮಂಗಲದ ಮೇಸ್ತ್ರಿಯೊಬ್ಬರು ಎಂಜಿನ್ ಇಳಿಸಿದರು. ಬ್ಲಾಕನ್ನು ಲೇತಿಗೆ ಕಳಿಸಿ ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ನು, ಹೊಸ ರಿಂಗು ಹಾಕಿದರು. ಕ್ರ್ಯಾಂಕಿನ ಬೇರಿಂಗು, ಎರಡೂ ಕಡೆಯ ಆಯಿಲ್ ಸೀಲು ಹೊಸದಾದವು. ಕನೆಕ್ಟಿಂಗ್ ರಾಡಿನ ಮೇಲ್ಗಣ್ಣಿಗೆ ಬುಷ್ಷು ಕೂರಿಸುವಾಗ ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ ಕೇಳಿಸಿಕೊಂಡರು. ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರಿನವರು, ಲೋಹದ ದನಿ ಕೇಳದೆ ನಂಬುವವರಲ್ಲ. ನನಗೂ ಒಂದು ಕೆಲಸ ಕೊಟ್ಟರು: 'ಸೈಲೆನ್ಸರ್ ಎರಡೂ ನೀವೇ ಕ್ಲೀನ್ ಮಾಡ್ಕೊಂಡ್ ಬನ್ನಿ ಸಾರ್, ಅದಕ್ಯಾಕೆ ನನಗೆ ಕೂಲಿ?' ಒಳಗಿನ ಜಾಲರಿ ಪೈಪನ್ನು ಹೊರಗೆಳೆದು, ಕಾಸ್ಟಿಕ್ ಸೋಡ ಕಲಸಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಉಜ್ಜಿ ತೊಳೆಯುವುದು. ಮಾಡಿಕೊಂಡು ಹೋಗಿ ಕೊಟ್ಟೆ.

ಗಾಡಿ ಮನೆಗೆ ಬಂದ ದಿನ ಮೂರನೇ ಒದೆತಕ್ಕೆ ಎದ್ದಿತು. ಎದ್ದದ್ದು ಗಾಡಿಯೋ ಹೊಗೆಯೋ ಹೇಳುವುದು ಕಷ್ಟ. ಎದುರು ಮನೆ ಕಾಣಿಸಲಿಲ್ಲ. ಅವ್ವ ಒಳಗಿನಿಂದ, 'ಸೊಳ್ಳೆ ಹೊಗೆ ಹಾಕೋರು ಬಂದವ್ರೇನ್ಲಾ?' ಅಂದಳು.

ಮೊದಲ ದಿನದ ಹೊಗೆಗೆ ಕ್ಷಮೆಯಿದೆ. ಜೋಡಿಸುವಾಗ ಪಿಸ್ಟನ್ನಿಗೆ, ಬೇರಿಂಗಿಗೆ ಹಚ್ಚಿದ ಎಣ್ಣೆಯೆಲ್ಲ ಉರಿಯಬೇಕು. ಹೊಸ ರಿಂಗು ಬೋರಿನ ಗೋಡೆಯ ಜೊತೆ ಹೊಂದಿಕೊಳ್ಳಬೇಕು. ಜೊತೆಗೆ ಇದು ಟೂ ಸ್ಟ್ರೋಕು. ಇದರಲ್ಲಿ ಪೆಟ್ರೋಲು, ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಹೋಗಿ, ಕ್ರ್ಯಾಂಕಿನ ಮೈಯೆಲ್ಲ ಸವರಿಕೊಂಡು, ಆಮೇಲೆ ಮೇಲೇರಿ ಉರಿಯುತ್ತವೆ. ಆದ್ದರಿಂದ ಕೀಲೆಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ಅಪ್ಪನ ಪದ್ಧತಿ ಲೀಟರಿಗೆ 40 ಮಿಲಿ. ಬೋರ್ ಹೊಸದಾದ್ದರಿಂದ ಮೇಸ್ತ್ರಿ 50 ಹಾಕಿ ಅಂದಿದ್ದರು. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಕಟ್ಟಿದವನು ಟೂ ಸ್ಟ್ರೋಕ್ ಗಾಡಿ ಕಂಡವನಲ್ಲ. ಇಲ್ಲಿ ಹೊಗೆಯೆಂದರೆ ಬೆಂಕಿಯಿಂದ ತಪ್ಪಿಸಿಕೊಂಡ ಎಣ್ಣೆ. ಅದು ಬರುವುದೇ ಧರ್ಮ. ಎಷ್ಟು ಬರಬೇಕು ಎಂಬುದಷ್ಟೇ ಪ್ರಶ್ನೆ.

ವಾರ ಕಳೆಯಿತು, ಎರಡು ವಾರವಾಯಿತು, ಹೊಗೆ ಇಳಿಯಲಿಲ್ಲ. ಊರೆಂಬುದು ಇಂಥ ಹೊತ್ತಿಗೇ ಕಾದು ಕುಳಿತಿರುತ್ತದೆ. ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಟೀಗಿಂತ ಮೊದಲು ಸಲಹೆ ಬರುತ್ತಿತ್ತು. ಬುಲೆಟ್ ಇಟ್ಟುಕೊಂಡವರೊಬ್ಬರು ಗಂಭೀರವಾಗಿ, 'ವಾಲ್ವ್ ಗೈಡ್ ಹೋಗದೆ' ಅಂದರು. ಅವರ ಫೋರ್ ಸ್ಟ್ರೋಕಿನಲ್ಲಿ ಅದು ನಿಜವಾದ ವಿದ್ಯೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುವಿದಾಗ ಒಂದು ಗುಕ್ಕು ನೀಲಿ ಹೊಗೆ ಬಂದರೆ ವಾಲ್ವಿನ ಗೈಡು ಸವೆದಿದೆ, ಏರಿನಲ್ಲಿ ಎಳೆಯುವಾಗೆಲ್ಲ ಬರುತ್ತಿದ್ದರೆ ರಿಂಗು ಸವೆದಿದೆ ಎಂದು ಲೆಕ್ಕ. ಆದರೆ ನಮ್ಮ ಗಾಡಿಗೆ ವಾಲ್ವೇ ಇಲ್ಲ. ಟ್ರ್ಯಾಕ್ಟರ್ ಓಡಿಸುವವನು ನಾಝಲ್ ಬಿಚ್ಚಿಸಿ ಅಂದ. ಅದೂ ಇಲ್ಲ. ಪಂಪ್‌ಸೆಟ್ ರಿಪೇರಿಯವರು ಮಾತ್ರ ಎಂಜಿನ್ ಮುಟ್ಟಿಯೂ ನೋಡದೆ, 'ವೈಂಡಿಂಗ್ ಸುಟ್ಟೋಯ್ತದೆ ನೋಡ್ತಿರಿ' ಅಂದು ಟೀ ಹೀರಿದರು. ಯಾರೂ ನನ್ನ ಗಾಡಿಯ ಕಾಯಿಲೆ ಹೇಳಲಿಲ್ಲ, ತಮ್ಮ ತಮ್ಮ ಗಾಡಿಯ ಕಾಯಿಲೆ ಹೇಳಿಕೊಂಡರು. ಬೇಜಾರಾಗಲಿಲ್ಲ. ಸಕ್ಕರೆ ಕಾಯಿಲೆಯವರ ಹತ್ತಿರ ತಲೆನೋವು ಹೇಳಿಕೊಂಡರೂ ಹೀಗೇ ಆಗುತ್ತದೆ.

ಹೊಗೆಯನ್ನು ಓದುವುದರಲ್ಲಿ ನಮ್ಮ ಮನೆಯ ಪಂಡಿತೆ ಅವ್ವ. ಸೌದೆ ಒಲೆಯ ಕಾಲದಲ್ಲಿ ಹಿತ್ತಿಲಿನಿಂದಲೇ ಹೊಗೆ ನೋಡಿ, 'ಹಸಿ ಸೌದೆ ತುರುಕಬೇಡ ಕಣೇ' ಎಂದು ಅಕ್ಕನಿಗೆ ಕೂಗುತ್ತಿದ್ದಳು. ಬೆರಣಿಯ ಹೊಗೆ ಬೇರೆ, ತೆಂಗಿನ ಮಟ್ಟೆಯ ಹೊಗೆ ಬೇರೆ, ಹಸಿ ಹುಣಸೆಯದೇ ಬೇರೆ. ನಾನೂ ಅದೇ ದಾರಿ ಹಿಡಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಜಾಸ್ತಿ, ಚೋಕು ಸಿಕ್ಕಿಕೊಂಡಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ನಮ್ಮದು ಕಪ್ಪಲ್ಲ. ತೆಳು ನೀಲಿಯಾದರೆ ಬೆರೆಸಿದ ಎಣ್ಣೆ, ಅದು ಹುಟ್ಟುಗುಣ. ನಮ್ಮದು ಗಟ್ಟಿ ಬಿಳಿ, ಅಕ್ಕಿ ಹಿಟ್ಟು ತೂರಿದ ಹಾಗೆ.

ಗಟ್ಟಿ ಬಿಳಿಯೆಂದರೆ ಯೆಜ್ಡಿಯವರಿಗೆ ಎದೆ ಹೊಡೆದುಕೊಳ್ಳುವ ವಿಷಯ. ಕ್ರ್ಯಾಂಕಿನ ಎಡಗಡೆಯ ಸೀಲಿನಾಚೆ ಕ್ಲಚ್ಚಿದೆ, ಕ್ಲಚ್ಚು ಗೇರ್ ಆಯಿಲಿನಲ್ಲಿ ಮುಳುಗಿದೆ. ಸೀಲಿನ ತುಟಿ ಹರಿದಿದ್ದರೆ ಪಿಸ್ಟನ್ ಮೇಲೇರಿದಾಗೆಲ್ಲ ಎಂಜಿನ್ನು ಆ ಗೇರ್ ಆಯಿಲನ್ನು ಮಗು ಹಾಲು ಕುಡಿದಂತೆ ಚೀಪುತ್ತದೆ. ಅದನ್ನು ಬದಲಿಸಲು ಕ್ಲಚ್ಚು ಪೂರ್ತಿ ಬಿಚ್ಚಬೇಕು. ನನ್ನ ಮನಸ್ಸು ಆಗಲೇ ಮೇಸ್ತ್ರಿಯನ್ನು ಕಟಕಟೆಯಲ್ಲಿ ನಿಲ್ಲಿಸಿತ್ತು. ಕಡಿಮೆ ಬೆಲೆಯ ಸೀಲು ಹಾಕಿದ್ದಾರೆ, ಕೂರಿಸುವಾಗ ತುಟಿ ಮಡಚಿದ್ದಾರೆ, ಇತ್ಯಾದಿ. ಭಾನುವಾರ ಹೋಗಿ ದಬಾಯಿಸಿದೆ. ಮೇಸ್ತ್ರಿ ಸಿಟ್ಟಾಗಲಿಲ್ಲ. ಗೇರ್ ಆಯಿಲನ್ನು ಡಬ್ಬಕ್ಕೆ ಇಳಿಸಿ ನನ್ನೆದುರೇ ಅಳೆದರು. ಹಾಕಿದಷ್ಟೂ ಹಾಗೇ ಇತ್ತು. ಕುಡಿದಿದ್ದರೆ ಕಡಿಮೆಯಾಗಬೇಕಿತ್ತಲ್ಲ! ಪ್ಲಗ್ ಬಿಚ್ಚಿ ತೋರಿಸಿದರು. ಎಣ್ಣೆಯಲ್ಲಿ ನೆಂದು ಕಪ್ಪಾಗಿರಬೇಕಾದದ್ದು, ಒಣಗಿ ಕಾಫಿಪುಡಿ ಬಣ್ಣಕ್ಕಿತ್ತು.

'ಎಂಜಿನ್ ಸುದ್ದಿಗೆ ಬರಬೇಡಿ ಸಾರ್,' ಅಂದರು. 'ಸೈಲೆನ್ಸರ್ ಕ್ಲೀನ್ ಮಾಡಿದ್ರಿ ಅಲ್ವಾ?'

'ಮಾಡಿದ್ದೆ,' ಅಂದೆ.

ಇನ್ನೊಂದು ಸಂಗತಿಯನ್ನು ನಾನು ನೋಡಿಯೂ ನೋಡಿರಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮೊದಲು ಹೊಗೆ ಕಡಿಮೆ, ಬೆಳ್ಳೂರು ಕ್ರಾಸಿನ ಕಡೆ ಸ್ವಲ್ಪ ದೂರ ಹೋಗಿ ಗಾಡಿ ಕಾದ ಮೇಲೆ ಜಾಸ್ತಿ. ಎಂಜಿನ್ನಿನ ಎಣ್ಣೆ ಹೊಗೆ ಇದಕ್ಕೆ ತಿರುಗಾಮುರುಗಾ, ತಣ್ಣಗಿದ್ದಾಗ ದಟ್ಟವಾಗಿ ಬಂದು ಕಾದಂತೆ ತಿಳಿಯಾಗಬೇಕು.

ಮರುಶನಿವಾರ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಗುಡಿಗೆ, ಅಲ್ಲಿಂದ ನೆಂಟರ ಮನೆಗೆ ಹೋಗಿಬಂದೆ. ಅಪ್ಪ ಉಟ್ಟದ್ದು ಬಿಳಿ ಪಂಚೆ. ಸೋಮವಾರ ಬೆಳಿಗ್ಗೆ ಅವ್ವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಕೂಗಿದಳು. ಪಂಚೆಯ ಒಂದು ಕಡೆ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕಿ. ಇನ್ನೊಂದು ಕಡೆ ಮಲ್ಲಿಗೆಯಂತಿತ್ತು.

'ಒಂದೇ ಕಾಲಿಗೆ ಯಾಕ್ಲಾ ಹಿಂಗಾಯ್ತು? ಬಲಗಡೆ ಏನೂ ಆಗಿಲ್ಲ.'

ನಾನು ಪಂಚೆ ಹಿಡಿದುಕೊಂಡು ನಿಂತೇ ಇದ್ದೆ. ಸಿಲಿಂಡರು ಒಂದು, ಸೈಲೆನ್ಸರು ಎರಡು. ಎಂಜಿನ್ನಿನಲ್ಲಿ ಎಣ್ಣೆ ಹೆಚ್ಚಾಗಿದ್ದರೆ ಎರಡೂ ಕಡೆ ಸಮನಾಗಿ ಉಗುಳಬೇಕು. ಎಡಗಡೆ ಮಾತ್ರ ಉಗುಳುತ್ತಿದೆಯೆಂದರೆ ಎಣ್ಣೆಯಿರುವುದು ಸಿಲಿಂಡರಿನಲ್ಲಲ್ಲ, ಎಡಗಡೆಯ ಕೊಳವೆಯಲ್ಲಿ. ವರ್ಷಗಟ್ಟಲೆ ಸೇರಿದ ಎಣ್ಣೆ ಅಲ್ಲಿ ಡಾಂಬರಾಗಿ ಕೂತಿದೆ. ಸೈಲೆನ್ಸರಿನ ಬಿಸಿ ಅದನ್ನು ಹೊಗೆಯೆಬ್ಬಿಸಲು ಸಾಕು, ಸುಟ್ಟು ಮುಗಿಸಲು ಸಾಲದು. ಅದಕ್ಕೇ ಕಾದಂತೆಲ್ಲ ಹೊಗೆ.

ಇನ್ನು ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಸೈಲೆನ್ಸರ್ ತೊಳೆದ ರಾತ್ರಿ ಬಲಗಡೆಯ ಜಾಲರಿ ಸಲೀಸಾಗಿ ಹೊರಬಂದಿತ್ತು. ಎಡಗಡೆಯದರ ಸ್ಕ್ರೂ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟೆ, ತಟ್ಟಿದೆ, ಬೈದೆ. ಕೊನೆಗೆ ನಿದ್ದೆ ಬಂತು. ಬೆಳಿಗ್ಗೆ ಅದರ ಹೊರಮೈಯನ್ನಷ್ಟೇ ಬೂದಿ ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿ, ಎರಡನ್ನೂ ಒಂದೇ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದೆ. ಆಮೇಲೆ ಅದನ್ನು ಮರೆತೇಬಿಟ್ಟೆ ಎಂದು ಬರೆದರೆ ಅಷ್ಟು ಸುಳ್ಳಲ್ಲ. ಮೇಸ್ತ್ರಿ ಕೇಳಿದಾಗ 'ಮಾಡಿದ್ದೆ' ಅಂದೆನಲ್ಲ, ಆಗ ನಾಲಿಗೆ ಒಂದು ಕ್ಷಣ ತಡವರಿಸಿದ್ದೂ ನಿಜ.

ಈ ಸಲ ಸ್ಕ್ರೂವಿನ ತಲೆ ಕೊರೆದು ತೆಗೆಸಿದೆ. ಜಾಲರಿ ಹೊರಬಂದಾಗ ಅಪ್ಪ ಜಗಲಿಯಿಂದ ಇಳಿದು ಬಂದರು. ಸಂತೆಯಲ್ಲಿ ಹೊರಗಿಟ್ಟ ಬೆಲ್ಲ ಕರಗಿ ಹೆಪ್ಪುಗಟ್ಟಿದಂತೆ, ಬೆರಳುದಪ್ಪ ಕರಿ. ಅಪ್ಪ ಕಡ್ಡಿಯಲ್ಲಿ ಒಂದಿಷ್ಟು ಕೆರೆದು ಮೂಸಿದರು. ನನ್ನ ಓದಿನ ಕಾಲದಲ್ಲಿ ವಾರ ವಾರ ಮೈಸೂರಿನ ಹಾಸ್ಟೆಲ್ಲಿಗೆ ರಾಗಿ ಹೊತ್ತು ತಂದದ್ದು ಇದೇ ಗಾಡಿ. ಅಪ್ಪ ಏನೂ ಹೇಳಲಿಲ್ಲ. ಕಡ್ಡಿಯನ್ನು ತಿಪ್ಪೆಗೆ ಎಸೆದು ಕೈ ತೊಳೆದರು.

ಸೋಡ ನೀರಿನಲ್ಲಿ ಎರಡು ರಾತ್ರಿ ನೆಂದ ಮೇಲೆ ಕೂಡಿಸಿ ಒದ್ದೆ. ಗಾಡಿ ಎದ್ದಿತು. ಎರಡೂ ಕೊಳವೆಯಿಂದ ಊದುಬತ್ತಿಯಷ್ಟು ನೀಲಿ ಎಳೆ. ಎದುರು ಮನೆ ಪೂರ್ತಿ ಕಾಣುತ್ತಿತ್ತು. ಗೆದ್ದವನಂತೆ ತಿರುಗಿ ನೋಡಿದೆ.

ಅಪ್ಪನ ಹುಬ್ಬು ಗಂಟಿಕ್ಕಿತ್ತು. ಹತ್ತಿರ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದರು.

'ಹೊಗೇನೇ ಇಲ್ವಲ್ಲೋ. ಆಯಿಲ್ ಹಾಕಿದೀಯಾ ಇಲ್ವಾ?'