ಆಟವೂ ಕೂಟವೂ

ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ. ವೇಷ ಕಟ್ಟಿ ಕುಣಿದರೆ ಆಟ. ವೇಷವಿಲ್ಲದೆ ಕುಳಿತು, ಬರಿಯ ಮಾತಿನಲ್ಲೇ ಪ್ರಸಂಗ ನಡೆಸಿದರೆ ಕೂಟ, ಅಂದರೆ ತಾಳಮದ್ದಳೆ. ಕಳೆದ ವರ್ಷ ಆಟಿ ತಿಂಗಳಲ್ಲಿ ನನ್ನ ಸಹೋದ್ಯೋಗಿಯೊಬ್ಬರು ‘ಮಗ ಹೇಗಿದ್ದಾನೆ?’ ಎಂದು ವಿಚಾರಿಸಿದಾಗ, ‘ಹೇಗಿರುವುದೇನು, ರಾತ್ರಿಯಿಡೀ ಆಟದಲ್ಲಿರುತ್ತಾನೆ’ ಎಂದೆ. ಅವರು ಬಹಳ ಸಂತೋಷದಿಂದ, ‘ಹೌದೇ? ಯಾವ ಮೇಳ?’ ಎಂದರು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳಗಳು ಆಟಿಯ ಮಳೆಯಲ್ಲಿ ಎಲ್ಲಿ ಹೊರಟಾವು ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೂ ಅವರ ತಪ್ಪನ್ನು ತಿದ್ದುವ ಧೈರ್ಯವಾಗಲಿಲ್ಲ. ಮಗ ಯಾವ ಮೇಳದಲ್ಲಿಯೂ ಇರಲಿಲ್ಲ. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಯಂತ್ರದೊಳಗಿದ್ದ.

ಆ ಯಂತ್ರವನ್ನು ತಂದುಕೊಟ್ಟವನು ದುಬೈಯಲ್ಲಿರುವ ಅವನ ಸೋದರಮಾವ. ನಿಂಟೆಂಡೊ ಸ್ವಿಚ್ ಎಂದು ಅದರ ಹೆಸರು. 2017ರಲ್ಲಿ ಪೇಟೆಗೆ ಬಂದ ಈ ಯಂತ್ರ ನಮ್ಮ ಉಳ್ಳಾಲದ ಮನೆಗೆ ಬರುವಾಗ ಸಾಕಷ್ಟು ಹಳೆಯದಾಗಿತ್ತು. ಮಗನಿಗೆ ಅದೇ ಹೊಸ ಲೋಕ. ಅವನು ಆಗ ಎರಡನೆಯ ವರ್ಷದ ಪಿ.ಯು.ಸಿ.ಯಲ್ಲಿದ್ದ. ಮೊದಲ ಪರೀಕ್ಷೆಯಲ್ಲಿ ಅಂಕಗಳು ಇಳಿದವು. ಅಷ್ಟೇ ಆಗಿದ್ದರೆ ಗದರಿ ಸುಮ್ಮನಾಗುತ್ತಿದ್ದೆನೋ ಏನೋ. ಒಂದು ದಿನ ಊಟದ ಹೊತ್ತಿಗೆ ಅವನು, ‘ಅಪ್ಪಾ, ಪಿ.ಯು.ಸಿ. ಆದ ಮೇಲೆ ನಾನು ಬೆಂಗಳೂರಿಗೆ ಹೋಗಿ ಚಿತ್ರ ಬಿಡಿಸುವುದನ್ನೂ ಇಂಥ ಆಟ ಮಾಡುವುದನ್ನೂ ಕಲಿಯುತ್ತೇನೆ’ ಎಂದ. ನಾನು ಎದ್ದು ಕೈ ತೊಳೆದು, ಯಂತ್ರವನ್ನು ತೆಗೆದು, ನನ್ನ ಪುಸ್ತಕದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಏಕೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರು ವಾರ ನಮ್ಮ ಮನೆಯಲ್ಲಿ ಮಳೆಯ ಸದ್ದು, ಕಡಲಿನ ಸದ್ದು, ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಟಿಯಲ್ಲಿ ನಮ್ಮ ಕಡಲು ದಂಡೆಯನ್ನು ಕೊರೆಯುತ್ತ ಬರುತ್ತದೆ. ರಾತ್ರಿ ಮಲಗಿದರೆ ಹಾಸಿಗೆಯ ಪಕ್ಕದಲ್ಲೇ ಮೊರೆದಂತಿರುತ್ತದೆ. ಆ ಸದ್ದನ್ನು ಕೇಳುತ್ತ ಮಲಗಿದ್ದಾಗ ನನಗೆ ಬೇಡಬೇಡವೆಂದರೂ ನನ್ನ ತಂದೆಯ ನೆನಪು ಬರುತ್ತಿತ್ತು. ನಾನು ಹುಡುಗನಾಗಿದ್ದಾಗ ಅವರಿಗೆ ಹೇಳದೆ ಆಟ ನೋಡಲು ಹೋಗಿ ಬೆಳಗಿನ ಜಾವ ಮರಳಿದರೆ ಬಾಗಿಲಿಗೆ ಅಗುಳಿ ಬಿದ್ದಿರುತ್ತಿತ್ತು. ಜಗಲಿಯ ಮೇಲೆ ಮುದುಡಿ ಮಲಗುತ್ತಿದ್ದೆ. ‘ಆಟ ನೋಡಿ ಯಾರು ಉದ್ಧಾರವಾಗಿದ್ದಾರೆ?’ ಎಂಬುದು ಅವರ ಪ್ರಶ್ನೆ. ಆ ಆಟಗಳಲ್ಲಿ ಕಿವಿಗೆ ಬಿದ್ದ ಕನ್ನಡವೇ ಮುಂದೆ ನನಗೆ ಎಂ.ಎ. ಓದಿಸಿತು, ಈಗ ಅನ್ನ ಹಾಕುತ್ತಿದೆ ಎಂದು ಅವರಿಗೆ ಹೇಳಬೇಕೆಂದುಕೊಂಡಿದ್ದೆ. ಹೇಳುವ ಮೊದಲೇ ಅವರು ತೀರಿಕೊಂಡರು.

ಕೊನೆಗೆ ಮೌನ ಮುರಿದವಳು ನನ್ನ ತಾಯಿ. ಒಂದು ಸಂಜೆ ಅಕ್ಕಿ ಆರಿಸುತ್ತ ಕುಳಿತವಳು ತಲೆಯೆತ್ತದೆ, ‘ಅದರೊಳಗೆ ಎಂತ ಉಂಟು ಅಂತ ನೀನು ನೋಡಿದ್ದೀಯಾ?’ ಎಂದಳು. ಓದದೆ ವಿಮರ್ಶೆ ಬರೆಯುವ ವಿದ್ಯಾರ್ಥಿಗಳನ್ನು ವರ್ಷಕ್ಕೆ ಹತ್ತು ಸಲ ಗದರುವ ಮೇಷ್ಟರಿಗೆ ಈ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಅದೇ ರಾತ್ರಿ ಕಪಾಟಿನ ಬೀಗ ತೆಗೆದೆ.

ಮಗ ಆಡುತ್ತಿದ್ದದ್ದು ಪಾತ್ರ ವಹಿಸುವ ಆಟಗಳನ್ನು. ಈ ಜಾತಿಯ ಆಟಗಳ ಮೂಲಪುರುಷ ಯಂತ್ರವಲ್ಲ, ಕಾಗದ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಹೊರತಂದರು. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರವಾಗಿ ತಮ್ಮ ಮಾತನ್ನು ತಾವೇ ಆಡುತ್ತಾರೆ. ಸಂಶಯ ಬಂದಲ್ಲಿ ದಾಳ ಉರುಳಿಸುತ್ತಾರೆ. ಇದನ್ನು ಮಗ ವಿವರಿಸಿದಾಗ ನಾನು, ‘ದಾಳ ಒಂದನ್ನು ಬಿಟ್ಟರೆ ಇದು ನಮ್ಮ ಕೂಟವೇ ಅಲ್ಲವೇನೋ!’ ಎಂದೆ. ಕೂಟದಲ್ಲಿ ಕಥೆ ನಡೆಸುವವರು ಭಾಗವತರು. ಅವರು ಪದ್ಯ ಹಾಡುತ್ತಾರೆ. ಅರ್ಥಧಾರಿ ಆ ಪದ್ಯದ ಎಳೆ ಹಿಡಿದು ತನ್ನದೇ ಮಾತು ಕಟ್ಟುತ್ತಾನೆ. ಬರೆದುಕೊಟ್ಟ ಸಂಭಾಷಣೆಯಿಲ್ಲ. ವಾಲಿ ಸಾಯಲೇಬೇಕು; ಅದನ್ನು ತಪ್ಪಿಸಲು ಯಾರಿಂದಲೂ ಆಗದು. ಆದರೆ ಸಾಯುವ ಮುನ್ನ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂಬುದು ಆ ರಾತ್ರಿಯ ಇಬ್ಬರು ಅರ್ಥಧಾರಿಗಳಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆಂದರೆ ರಾಮನ ಅರ್ಥ ಹೇಳುವವರು ಎಚ್ಚರದಿಂದ ಇರಬೇಕಾಗುತ್ತಿತ್ತೆಂದು ಕೇಳಿದವರು ಇಂದಿಗೂ ಹೇಳುತ್ತಾರೆ. ನಾನೂ ಮಳೆಗಾಲದಲ್ಲಿ ಅಲ್ಲಿ ಇಲ್ಲಿ ಅರ್ಥ ಹೇಳುವ ಹವ್ಯಾಸಿ. ಆ ವಾರವಷ್ಟೇ ಒಂದು ಕೂಟದಲ್ಲಿ ವಾಲಿಯಾಗಿ, ‘ಬಾಣ ಬಿಡುವ ಮೊದಲು ಒಂದು ಮಾತು ಆಡಬಾರದಿತ್ತೇ, ರಾಮಾ?’ ಎಂದು ಕೇಳಿ ಸಭೆಯ ಮೆಚ್ಚುಗೆ ಗಳಿಸಿ ಬಂದಿದ್ದೆ.

ಇನ್ನು ಯಂತ್ರದೊಳಗೆ ನಾನು ಮೊದಲು ಕಂಡ ಆಟದ ವಿಷಯ. ಅದರ ಹೆಸರು ‘ಅಂಡರ್‌ಟೇಲ್’. ಟೋಬಿ ಫಾಕ್ಸ್ ಎಂಬ ಅಮೆರಿಕದ ತರುಣ ಬಹುಪಾಲು ತಾನೊಬ್ಬನೇ ದುಡಿದು 2015ರಲ್ಲಿ ಹೊರತಂದದ್ದು. ಸಂಗೀತವೂ ಅವನದೇ. ಚಿತ್ರಗಳು ಚೌಕ ಚೌಕವಾಗಿ, ಮಕ್ಕಳು ಲೆಕ್ಕದ ಪುಸ್ತಕದಲ್ಲಿ ಬಿಡಿಸಿದಂತಿವೆ; ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಒಂದು ಮಗು ಬೆಟ್ಟದ ಬಿರುಕಿನಿಂದ ಭೂಮಿಯೊಳಗಿನ ರಾಕ್ಷಸಲೋಕಕ್ಕೆ ಬೀಳುತ್ತದೆ. ಅಲ್ಲಿ ಆಡಿನ ಮುಖದ ಒಬ್ಬ ತಾಯಿ, ಟೋರಿಯೆಲ್ ಎಂಬವಳು, ಮಗುವಿನ ಕೈ ಹಿಡಿದು ಮನೆಗೆ ಕರೆದೊಯ್ದು, ಸಿಹಿ ಮಾಡಿಕೊಟ್ಟು, ಮಲಗಲು ಕೋಣೆ ಕೊಡುತ್ತಾಳೆ. ಮಗು ಹೊರಗೆ ಹೋಗಬೇಕು ಎಂದಾಗ ಅವಳು ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಹೊರಗೆ ಹೋದವರು ಉಳಿಯುವುದಿಲ್ಲ. ಹೋಗುವ ಶಕ್ತಿಯಿದ್ದರೆ ತನ್ನೆದುರು ತೋರಿಸು ಎನ್ನುತ್ತಾಳೆ. ಆಡುವವನ ಮುಂದೆ ನಾಲ್ಕು ಗುಂಡಿಗಳಿವೆ: ಒಂದು ಹೊಡೆಯಲು, ಒಂದು ಮಾತು ಮುಂತಾದ ಉಪಾಯಕ್ಕೆ, ಒಂದು ಚೀಲದ ವಸ್ತುಗಳಿಗೆ, ಒಂದು ಕರುಣೆಗೆ.

ನಾನು ಒಂದೆರಡು ಸಲ ಮಾತಿನ ಗುಂಡಿ ಒತ್ತಿದೆ, ಪ್ರಯೋಜನವಾಗಲಿಲ್ಲ. ಆಮೇಲೆ, ಸ್ವಲ್ಪ ಪೆಟ್ಟು ತಿಂದರೆ ದಾರಿ ಬಿಟ್ಟಾಳು ಎಂದೆಣಿಸಿ ಹೊಡೆಯತೊಡಗಿದೆ. ನನ್ನ ಶಕ್ತಿ ಕುಂದುತ್ತ ಬಂದಂತೆ ಅವಳು ಎಸೆಯುವ ಬೆಂಕಿ ನನ್ನನ್ನು ತಪ್ಪಿಸಿಕೊಂಡು ಹೋಗುತ್ತಿತ್ತು. ಅದನ್ನು ನನ್ನ ಚಾತುರ್ಯವೆಂದೇ ತಿಳಿದೆ. ಇನ್ನೊಂದು ಪೆಟ್ಟು ಕೊಟ್ಟೆ. ಅವಳು ಸತ್ತುಹೋದಳು.

ಹಿಂದೆ ಯಾರೋ ನಿಂತಂತಾಯಿತು. ಮಗ. ಯಾವಾಗ ಎದ್ದು ಬಂದಿದ್ದನೋ ತಿಳಿಯದು. ಮೂರು ವಾರದ ಮೇಲೆ ಅವನಾಡಿದ ಮೊದಲ ಮಾತು ಇದು: ‘ಅಪ್ಪಾ, ಕರುಣೆಯ ಗುಂಡಿ ಅಲ್ಲೇ ಇತ್ತಲ್ಲ. ಒಮ್ಮೆ ಒತ್ತಿದರೆ ಸಾಲದು. ಮತ್ತೆ ಮತ್ತೆ ಒತ್ತಬೇಕು. ಅವಳಿಗೂ ಹೊಡೆಯಲಿಕ್ಕೆ ಮನಸ್ಸಿರಲಿಲ್ಲ.’

ನಾನು ಆಟವನ್ನು ಹಿಂದಕ್ಕೆ ತಿರುಗಿಸಿ, ಅವನು ಹೇಳಿದಂತೆ ಮಾಡಿ ಅವಳನ್ನು ಉಳಿಸಿದೆ. ಬಾಗಿಲು ದಾಟಿದೊಡನೆ ಅಲ್ಲೊಂದು ದುಷ್ಟ ಹೂವು ಕಾದು ಕುಳಿತಿತ್ತು. ನೀನು ಮೊದಲು ಅವಳನ್ನು ಕೊಂದದ್ದೂ ಪಶ್ಚಾತ್ತಾಪಪಟ್ಟು ಹಿಂದಕ್ಕೆ ಬಂದದ್ದೂ ನನಗೆ ಗೊತ್ತು ಎಂದು ಅದು ನಕ್ಕಿತು. ಯಂತ್ರವೊಂದು ಹೀಗೆ ನನ್ನ ತಪ್ಪನ್ನು ನೆನಪಿಟ್ಟುಕೊಂಡೀತೆಂದು ನಾನು ಕನಸಿನಲ್ಲೂ ನೆನೆದಿರಲಿಲ್ಲ. ಅಪ್ಪ ಮಕ್ಕಳಿಬ್ಬರೂ ಬೆಳಗಿನ ಜಾವದವರೆಗೆ ಕುಳಿತಿದ್ದೆವು. ನಡುವೆ ವಿದ್ಯುತ್ತು ಹೋಯಿತು. ಯಂತ್ರದ ಬೆಳಕಿನಲ್ಲೇ ಆಡಿದೆವು. ನಮ್ಮ ಕನ್ನಡದಲ್ಲಿ ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಎರಡಕ್ಕೂ ಧಾತು ಒಂದೇ. ಇಪ್ಪತ್ತು ವರ್ಷದಿಂದ ವ್ಯಾಕರಣ ಪಾಠ ಮಾಡುತ್ತಿದ್ದರೂ ಈ ಸಂಗತಿ ನನ್ನ ಗಮನಕ್ಕೆ ಬಂದದ್ದು ಆ ರಾತ್ರಿ.

ಆ ಮೇಲೆ ಅವನು ಗುರು, ನಾನು ಶಿಷ್ಯ. ಒಂದು ವರ್ಷದಲ್ಲಿ ಅವನು ಆಡಿಸಿದ ಆಟಗಳಲ್ಲಿ ಇನ್ನೂ ಮೂರನ್ನು ಓದುಗರಿಗೆ ಧೈರ್ಯವಾಗಿ ಹೇಳಬಲ್ಲೆ.

ಒಂದು, ಜಪಾನಿನ ‘ಕ್ರೋನೋ ಟ್ರಿಗರ್’. 1995ರದು, ಈಗ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಸಿಗುತ್ತದೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಹುಡುಗನೊಬ್ಬನ ಕಥೆ. ಪ್ರಾರಂಭದಲ್ಲಿ ಒಂದು ಜಾತ್ರೆ. ಅಲ್ಲಿ ಯಾರದೋ ಬುತ್ತಿ ಕಂಡು ನಾನು ತಿಂದುಬಿಟ್ಟೆ. ಆಟದಲ್ಲಿ ಸಿಕ್ಕಿದ್ದೆಲ್ಲ ನಮ್ಮದು ಎಂಬ ಭಾವನೆ. ಆಮೇಲೆ ಹುಡುಗನ ಮೇಲೆ ರಾಜಕುಮಾರಿಯನ್ನು ಅಪಹರಿಸಿದ ಆರೋಪ ಬಂದು ನ್ಯಾಯಾಲಯಕ್ಕೆ ಎಳೆದೊಯ್ದರೆ, ಬುತ್ತಿಯ ಯಜಮಾನ ಸಾಕ್ಷಿ ಹೇಳಲು ಬಂದು ನಿಂತಿದ್ದಾನೆ! ಚಿತ್ರಗುಪ್ತನ ಲೆಕ್ಕ ಇದಕ್ಕಿಂತ ಬಿಗಿಯಾಗಿರಲಾರದು. ತೀರ್ಪು ಏನೇ ಬರಲಿ, ಹುಡುಗ ಸೆರೆಮನೆಗೆ ಹೋಗುವುದು ತಪ್ಪುವುದಿಲ್ಲ. ಪ್ರಸಂಗ ಬದಲಾಗದು, ಅರ್ಥ ಮಾತ್ರ ನಮ್ಮದು.

ಎರಡು, ರಿಚರ್ಡ್ ಗ್ಯಾರಿಯಟ್ ಎಂಬವನು 1985ರಲ್ಲಿ ಮಾಡಿದ ‘ಅಲ್ಟಿಮಾ’ ಮಾಲಿಕೆಯ ನಾಲ್ಕನೆಯದು. ನಮ್ಮ ‘ಅವತಾರ’ ಎಂಬ ಶಬ್ದ ಅದರ ಹೆಸರಿನಲ್ಲೇ ಇದೆ. ಕೊಲ್ಲಬೇಕಾದ ರಾಕ್ಷಸರಾಜ ಇದರ ಕೊನೆಯಲ್ಲಿಲ್ಲ. ಸತ್ಯ, ದಯೆ, ಶೌರ್ಯ, ನ್ಯಾಯ, ತ್ಯಾಗ ಮುಂತಾದ ಎಂಟು ಗುಣಗಳನ್ನು ಆಡುವವನು ತನ್ನ ನಡತೆಯಿಂದ ಗಳಿಸಬೇಕು. ಕೊನೆಗೆ ದೊರೆಯುವ ನಿಧಿಯೂ ಒಂದು ಗ್ರಂಥ. ಗಿಡಮೂಲಿಕೆ ಮಾರುವವಳು ಕುರುಡಿ. ಎಷ್ಟು ಹಣ ಕೊಟ್ಟೆವೆಂದು ಅವಳಿಗೆ ಕಾಣದು. ಕಡಿಮೆ ಕೊಟ್ಟರೆ ಆ ಹೊತ್ತಿಗೆ ಯಾರೂ ಬೈಯುವುದಿಲ್ಲ, ಆದರೆ ಗುಣದ ಲೆಕ್ಕದಲ್ಲಿ ಅದು ಕಳೆದುಹೋಗಿರುತ್ತದೆ. ಚಿತ್ರಗಳು ತೀರಾ ಹಳೆಯವು, ತಾಳ್ಮೆ ಬೇಕು.

ಮೂರನೆಯದು ದೊಡ್ಡವರಿಗೆ ಮಾತ್ರ: ಎಸ್ಟೋನಿಯಾದಲ್ಲಿ ಹುಟ್ಟಿದ ತಂಡವೊಂದು 2019ರಲ್ಲಿ ತಂದ ‘ಡಿಸ್ಕೋ ಎಲಿಸಿಯಮ್’. ಇದರ ಮುಖ್ಯ ಲೇಖಕ ರಾಬರ್ಟ್ ಕುರ್ವಿಟ್ಜ್ ಕಾದಂಬರಿಕಾರ. ಕುಡಿದು ನೆನಪು ಕಳೆದುಕೊಂಡ ಪತ್ತೇದಾರನೊಬ್ಬ ಒಂದು ಕೊಲೆಯನ್ನು ವಿಚಾರಿಸಬೇಕು. ಅದಕ್ಕೆ ಮೊದಲು ತಾನು ಯಾರೆಂದು ತಿಳಿಯಬೇಕು. ಅವನ ತಲೆಯೊಳಗೆ 24 ಗುಣಗಳು ಒಂದರ ಮೇಲೊಂದು ಬಿದ್ದು ವಾದಿಸುತ್ತವೆ. ಒಂದೇ ತಲೆಯಲ್ಲಿ ಇಪ್ಪತ್ತನಾಲ್ಕು ಅರ್ಥಧಾರಿಗಳ ಕೂಟ ಎನ್ನಿ. ಓದುವುದೇ ಆಟ, ದೊಡ್ಡ ಕಾದಂಬರಿಗಳಷ್ಟು ಬರಹವಿದೆ. ಕುಡಿತವೂ ಹೊಲಸು ಮಾತೂ ಇರುವುದರಿಂದ ಮಕ್ಕಳ ಕೈಗೆ ಕೊಡಬಾರದು.

ಇವುಗಳಲ್ಲಿ ಯಾವುದೂ ಕನ್ನಡ ಮಾತಾಡುವುದಿಲ್ಲ, ಅದೊಂದು ಕೊರತೆ. ಮಗ ಇಂಗ್ಲಿಷಿನಲ್ಲಿ ಓದಿದ್ದನ್ನು ನಾನು ಅಜ್ಜಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಬುತ್ತಿ ಕದ್ದ ಕಥೆ ಅವಳಿಗೆ ಬಹಳ ಹಿಡಿಸಿತು.

ನನ್ನಂಥ ತಂದೆತಾಯಿಗಳಿಗೆ ಎರಡು ಮಾತು. ಹಣ ಪಣವಿಟ್ಟು ಆಡುವ ಆಟಗಳು ಬೇರೆ, ಇವು ಬೇರೆ. ಪಣದ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. ನಡುನಡುವೆ ಕೈಯೊಡ್ಡಿ ಕಾಸು ಕೇಳುವ ಆಟವನ್ನು ದೂರವಿಡಿ. ಪುಸ್ತಕದಂತೆ ಒಮ್ಮೆ ಕೊಂಡು ಮುಗಿಸಿ ಕೆಳಗಿಡಬಹುದಾದ್ದನ್ನು ಆರಿಸಿ. ಇನ್ನೊಂದು: ಊಟಕ್ಕೆ ಕರೆದಾಗ ಮಗ ‘ಒಂದು ನಿಮಿಷ’ ಎಂದರೆ ಅದು ಎಲ್ಲ ಸಲವೂ ಸುಳ್ಳಲ್ಲ. ಇಂಥ ಹಲವು ಆಟಗಳಲ್ಲಿ ಆಡಿದ್ದನ್ನು ಉಳಿಸಿಡಲು ಗೊತ್ತಾದ ಜಾಗಗಳಿರುತ್ತವೆ. ಅಲ್ಲಿಗೆ ಮುಟ್ಟದೆ ಎದ್ದರೆ ಅಷ್ಟು ಹೊತ್ತಿನ ಶ್ರಮ ನೀರಿಗೆ. ರಾತ್ರಿಯ ಪಾಳಿಗೆ ಮಾತ್ರ ನಾನು ಈಗಲೂ ಒಪ್ಪುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೊಂದು ಗಂಟೆ ಎಂದು ಕರಾರು ಮಾಡಿಕೊಂಡೆವು. ಅವನು ಹೆಚ್ಚು ಕಡಿಮೆ ನಡೆಸಿದ. ಮುರಿದ ದಿನಗಳಲ್ಲಿ ಪಕ್ಕದಲ್ಲಿ ನಾನೂ ಇದ್ದೆ.

ಈ ಜೂನ್ ತಿಂಗಳಲ್ಲಿ ಅವನು ಬೆಂಗಳೂರಿಗೆ ಹೊರಟ. ಅವನು ಹಿಡಿದ ದಾರಿ ಸರಿಯೋ ತಪ್ಪೋ ನನಗಿನ್ನೂ ಭಯವಿದೆ. ಬಹುಶಃ ನನ್ನ ತಂದೆಗೂ ಇಂಥದೇ ಭಯವಿದ್ದಿರಬೇಕು. ಜಗಲಿಯಲ್ಲಿ ಚೀಲ ಹಿಡಿದು ನಿಂತವನ ಮುಂದೆ, ಬಾಗಿಲಿಗೆ ಸರಿಯಾಗಿ ಅಡ್ಡ ನಾನು ನಿಂತಿದ್ದೆ. ಅವನು ನನ್ನ ಮುಖ ನೋಡಿ ನಕ್ಕ. ನನಗೂ ಗೊತ್ತಾಗಿ ಪಕ್ಕಕ್ಕೆ ಸರಿದೆ. ಆಟದ ಆ ತಾಯಿ ಮಗುವನ್ನು ಅಪ್ಪಿಕೊಂಡು, ಮತ್ತೆ ಇಲ್ಲಿಗೆ ಬರಬೇಡ ಎಂದು ಹೇಳಿ ಕಳಿಸುತ್ತಾಳೆ. ನಾನು, ‘ಚೌತಿಗೆ ಬಾ’ ಎಂದೆ.

ಯಂತ್ರವನ್ನು ಅವನು ನನಗೇ ಬಿಟ್ಟು ಹೋಗಿದ್ದಾನೆ. ಅದು ಈಗಲೂ ಅದೇ ಕಪಾಟಿನಲ್ಲಿದೆ, ಬೀಗ ಹಾಕುವುದಿಲ್ಲ. ಭಾನುವಾರ ರಾತ್ರಿ ಊಟವಾದ ಮೇಲೆ ಅವನು ಫೋನು ಮಾಡಿ ಮೊದಲು ಅಜ್ಜಿಯ ಆರೋಗ್ಯ ಕೇಳುತ್ತಾನೆ. ಆಮೇಲೆ, ‘ಅಪ್ಪಾ, ಪತ್ತೇದಾರನಿಗೆ ತನ್ನ ಹೆಸರು ಗೊತ್ತಾಯಿತಾ?’ ಎನ್ನುತ್ತಾನೆ.