ಪುಣೆಯಿಂದ ತಿಕೋಟಾಕ್ಕೆ, ಅಕಲೂಜ್ ಮಾರ್ಗವಾಗಿ

ಪುಣೆಯಲ್ಲಿ ನಮ್ಮ ಓಣಿಯ ಮೂಲೆಯಲ್ಲಿರುವ ‘ವೈನ್ ಶಾಪ್’ನಲ್ಲಿ ವೈನ್ ಇರುವುದು ಎರಡೇ ಹಲಗೆಯ ಮೇಲೆ. ಉಳಿದದ್ದೆಲ್ಲ ವಿಸ್ಕಿ, ರಮ್, ಬಿಯರ್. ಕೆಳಗಿನ ಹಲಗೆ ಅಗ್ಗದ್ದು, ಮೇಲಿನದು ತುಟ್ಟಿಯದು. ಹದಿನೈದು ವರ್ಷಗಳಿಂದ ಆ ಹಲಗೆಗಳ ಮುಂದೆ ನಿಲ್ಲುತ್ತ ಬಂದಿದ್ದೇನೆ. ಸಂಬಳ ಏರಿದಂತೆ ನನ್ನ ಕೈಯೂ ಮೇಲಕ್ಕೆ ಹೋಯಿತು. ನಾಲಿಗೆಯೂ ಜೊತೆಗೆ ಹೋಯಿತೋ ಇಲ್ಲವೋ ಎಂಬುದು ಮಾತ್ರ ನನಗೇ ಖಾತ್ರಿ ಇರಲಿಲ್ಲ.

ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ. ಮನೆಗೆ ಆರು ಎಕರೆ ದ್ರಾಕ್ಷಿ ತೋಟ, ಎಲ್ಲ ಥಾಮ್ಸನ್ ಸೀಡ್‌ಲೆಸ್, ಎಲ್ಲ ಒಣದ್ರಾಕ್ಷಿಗೆ. ನನ್ನ ಕಾಲೇಜಿನ ಫೀ ಕಟ್ಟಿದ್ದೂ ದ್ರಾಕ್ಷಿಯೇ. ಆದರೆ ಅದೇ ಹಣ್ಣು ಬಾಟಲಿಯಲ್ಲಿ ಮೊದಲು ಸಿಕ್ಕದ್ದು ಬೆಂಗಳೂರಿನಲ್ಲಿ, ಎಂ.ಟೆಕ್. ಓದುವಾಗ. ಹಾಸ್ಟೆಲ್ ಗೆಳೆಯರು ತಂದ, ತೀರ ಅಗ್ಗದ, ಜಾಮಿನಷ್ಟು ಸಿಹಿಯಾದ ಕೆಂಪು ವೈನ್. ಬೆಂಗಳೂರು ಬ್ಲೂ ದ್ರಾಕ್ಷಿಯದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಆ ಕಪ್ಪು ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಯುರೋಪಿನ ವೈನ್ ದ್ರಾಕ್ಷಿಯ ಕುಲ ಬೇರೆ, ಇದರದು ಬೇರೆ. ಅಮೆರಿಕದ ಕಾಡು ಬಳ್ಳಿಯ ರಕ್ತ ಇದರಲ್ಲಿದೆ. ಅದಕ್ಕೇ ಆ ಗಾಢವಾದ, ಒಂದಿಷ್ಟು ಕಾಡುಕಾಡಾದ ವಾಸನೆ. ತಿಳಿದವರು ಮೂಗು ಮುರಿಯುತ್ತಾರೆ. ಹಣ್ಣಾಗಿ ತಿನ್ನಲು ನನಗೆ ಇವತ್ತಿಗೂ ಇಷ್ಟ. ವೈನಾಗಿ ಮಾತ್ರ ಆ ರಾತ್ರಿಯ ತಲೆನೋವು ನೆನಪಾಗುತ್ತದೆ.

ಪುಣೆಗೆ ಕೆಲಸಕ್ಕೆ ಬಂದ ಮೇಲೆ ನಾಸಿಕದ ಪರಿಚಯವಾಯಿತು. ಸಿಲಿಕಾನ್ ವ್ಯಾಲಿಯ ಒರಾಕಲ್ ಬಿಟ್ಟು ಬಂದ ರಾಜೀವ್ ಸಾಮಂತ್ ತಮ್ಮ ಮನೆತನದ ಜಮೀನಿನಲ್ಲಿ ವೈನ್ ದ್ರಾಕ್ಷಿ ನೆಟ್ಟು, 2000ದಲ್ಲಿ ಸುಲಾದ ಮೊದಲ ಬಾಟಲಿಗಳನ್ನು ಹೊರತಂದ ಕತೆ ನಮ್ಮ ಕಂಪನಿಯ ಕ್ಯಾಂಟೀನಿನಲ್ಲಿ ಪುರಾಣದಂತೆ ಓಡಾಡುತ್ತಿತ್ತು. ಕೋಡ್ ಬರೆಯುವ ಪ್ರತಿಯೊಬ್ಬನಿಗೂ ಒಂದು ತೋಟದ ಕನಸು ಇರುತ್ತದಲ್ಲ! ನಾಸಿಕದ ಶೆನಿನ್ ಬ್ಲಾಂಕ್ ನಾನು ಮೆಚ್ಚಿ ಕುಡಿದ ಮೊದಲ ವೈನ್. ಬೆಲೆ ಸಾವಿರದೊಳಗೆ. ಬಿಳಿಯದು, ತುಸು ಸಿಹಿ, ಪೇರಲಹಣ್ಣಿನ ನೆನಪು ತರುವಂಥದ್ದು. ಆ ತುಸು ಸಿಹಿ ನಮ್ಮ ಊಟಕ್ಕೆ ಎಷ್ಟು ಹೊಂದುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ.

ಅಷ್ಟರಲ್ಲಿ ಮೇಲಿನ ಹಲಗೆಗೆ ಕೈ ಹೋಗಿತ್ತು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದ ‘ಲಾ ರಿಸರ್ವ್’ ಅನ್ನು ಊರಭಿಮಾನಕ್ಕೆ ಕೊಳ್ಳುತ್ತಿದ್ದೆ. ಕನ್ನಡದ ಮಣ್ಣಿನ ವೈನ್ ಗಡಿ ದಾಟಿದ ಕೂಡಲೇ ತೆರಿಗೆ ಹೊತ್ತು ತುಟ್ಟಿಯಾಗುವುದು ನಮ್ಮಂಥ ಗಡಿ ದಾಟಿದವರಿಗೆ ಸರಿಯಾದ ಶಿಕ್ಷೆಯೇ. ಆಮೇಲೆ ಪಡೆದವು ಡ್ಯೂಟಿ ಫ್ರೀಯ ಬಾಟಲಿಗಳು. ಒಮ್ಮೆ ಆರು ಸಾವಿರದ ಬೋರ್ಡೋ ತಂದೆ. ಮ್ಯಾನೇಜರ್ ಮನೆಗೆ ಬಂದಿದ್ದರು. ಮೊದಲ ಗುಟುಕಿಗೇ ನನ್ನ ನಾಲಿಗೆ ಒಣಗಿ ಚರ್ಮದಂತಾಯಿತು. ‘ಅದ್ಭುತ’ ಅಂದೆ. ಅವರೂ ‘ಅದ್ಭುತ’ ಅಂದರು. ಇಬ್ಬರೂ ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ರೊಟ್ಟಿ ತಿನ್ನುತ್ತಿದ್ದೆವು. ಖಾರದ ಮೇಲೆ ಒಗರು ಬಿದ್ದರೆ ಎರಡೂ ಒಂದನ್ನೊಂದು ಹೊಡೆದೆಬ್ಬಿಸುತ್ತವೆ. ಎಳೆಯ ಬೋರ್ಡೋಗೆ ಇನ್ನೂ ಹತ್ತು ವರ್ಷ ಕತ್ತಲೆಯಲ್ಲಿ ಮಲಗುವ ಕೆಲಸ ಬಾಕಿ ಇತ್ತು. ಅದರ ತಪ್ಪೇನೂ ಇರಲಿಲ್ಲ.

ಸುಳ್ಳು ಹೇಳಿದ್ದು ಚುಚ್ಚುತ್ತಿತ್ತು. ಒಂದು ಭಾನುವಾರ ನಾಲ್ವರು ಗೆಳೆಯರು ಸೇರಿ ಐದು ಬಾಟಲಿಗಳಿಗೆ ಪೇಪರ್ ಸುತ್ತಿ, ನಂಬರ್ ಹಾಕಿ, ಅಂಕ ಕೊಟ್ಟೆವು. ಅಂಥದೇ ಇನ್ನೊಂದು ಬೋರ್ಡೋ ನನ್ನ ಪಟ್ಟಿಯಲ್ಲಿ ಕೊನೆಗೆ ಬಂತು. ಮೊದಲು ಬಂದದ್ದು ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾಟೆಲ್ಲಿಯವರ ಸಾಂಜೊವೇಸೆ, ಸಾವಿರದ ಆಚೀಚೆಯದು. ಸಮಾಧಾನಕ್ಕೆ ಓದುತ್ತ ಹೋದಾಗ ಒಂದು ಸಂಗತಿ ಸಿಕ್ಕಿತು. ಅಮೆರಿಕದಲ್ಲಿ ಬೆಲೆ ಮುಚ್ಚಿಟ್ಟು ನಡೆಸಿದ ಆರು ಸಾವಿರಕ್ಕೂ ಹೆಚ್ಚು ರುಚಿಪರೀಕ್ಷೆಗಳ ಲೆಕ್ಕ 2008ರಲ್ಲಿ ಪ್ರಕಟವಾಗಿದೆ. ತರಬೇತಿ ಇಲ್ಲದ ಸಾಮಾನ್ಯರಿಗೆ ತುಟ್ಟಿಯ ವೈನ್ ಒಂದು ಕೂದಲೆಳೆಯಷ್ಟು ಕಡಿಮೆಯೇ ಹಿಡಿಸಿತ್ತಂತೆ.

ಅಕಲೂಜ್ ನಮ್ಮೂರಿನ ದಾರಿಯಲ್ಲೇ ಸಿಗುತ್ತದೆ. ಸೊಲ್ಲಾಪುರಕ್ಕೆ ನೇರ ಹೋಗದೆ, ಉಜನಿ ಹಿನ್ನೀರಿನ ಪಕ್ಕದ ಇಂದಾಪುರದ ಬಳಿ ಬಲಕ್ಕೆ ತಿರುಗಿ ನೀರಾ ನದಿ ದಾಟಿದರಾಯಿತು. ಅಲ್ಲಿಂದ ಪಂಢರಪುರ, ಬಸವಣ್ಣ ಬಿಜ್ಜಳನ ಕೆಲಸದಲ್ಲಿದ್ದ ಮಂಗಳವೇಢೆ, ಆಮೇಲೆ ವಿಜಯಪುರ. ಹೋದ ಫೆಬ್ರವರಿಯಲ್ಲಿ ಅಪ್ಪ ಕಣ್ಣಿನ ಪೊರೆ ತೆಗೆಸಲು ಪುಣೆಗೆ ಬಂದಿದ್ದರು. ಎರಡು ವಾರವಾದ ಮೇಲೆ ಅವರನ್ನು ಊರಿಗೆ ಬಿಡುವಾಗ ಈ ದಾರಿ ಹಿಡಿದೆ. ತೋಟ ತೋರಿಸುವ ನೆಪ. ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು: ನಮ್ಮ ಆರು ಎಕರೆಯಲ್ಲಿ ಎರಡನ್ನು ವೈನ್ ದ್ರಾಕ್ಷಿಗೆ ಬದಲಿಸಿದರೆ ಏಳು ವರ್ಷದಲ್ಲಿ ಏನಾಗುತ್ತದೆ ಎಂಬ ಲೆಕ್ಕ.

ಅಪ್ಪ ಗುರುವಾರ ಮಠಕ್ಕೆ ಹೋಗುವವರು. ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ನಾನು ಕುಡಿಯುವುದು ಅವರಿಗೆ ಗೊತ್ತಿಲ್ಲ ಎಂದೇ ತಿಳಿದಿದ್ದೆ. ಭಿಗವಣ ದಾಟಿದ ಮೇಲೆ, ಕಪ್ಪು ಕನ್ನಡಕದ ಹಿಂದಿನಿಂದ ಹಿನ್ನೀರು ನೋಡುತ್ತ ಅವರೇ ಶುರು ಮಾಡಿದರು.

“ತಮ್ಮಾ, ಕಣ್ಣು ಈಗ ಭಾಳ ಚಲೋ ಕಾಣ್ತಾವ. ನಿಮ್ಮ ಅಡಗಿಮನಿ ಮ್ಯಾಲಿನ ಕಪಾಟಿನಾಗ ಎಷ್ಟು ಬಾಟ್ಲಿ ಅದಾವ ಅನ್ನೋದೂ ಕಾಣ್ತದ.”

ಮುಂದಿನ ಹದಿನೈದು ಕಿಲೋಮೀಟರ್ ನಾವಿಬ್ಬರೂ ಮಾತಾಡಲಿಲ್ಲ.

ಮೊದಲೇ ಫೋನ್ ಮಾಡಿದ್ದರಿಂದ ತೋಟ ತೋರಿಸಲು ಒಬ್ಬರು ಕಾಯುತ್ತಿದ್ದರು. ಇಟಾಲಿಯನ್ನಿನಲ್ಲಿ ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಇಟಲಿ, ದಿಲ್ಲಿ, ಅಕಲೂಜ್ ಎಂಬ ಮೂರು ಊರಿನ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ವೈನ್ ಮಾಡಿಕೊಟ್ಟವರು ಟಸ್ಕನಿಯ ಪಿಯೆರೊ ಮಾಸಿ. ಹಾಗಾಗಿಯೇ ಟಸ್ಕನಿಯ ಸಾಂಜೊವೇಸೆ ಭೀಮಾ ಸೀಮೆಯ ಬಿಸಿಲಿಗೆ ಬಂದಿದೆ. ಈ ಮಾಹಿತಿ ಅಪ್ಪನಿಗೆ ಬೇಕಿರಲಿಲ್ಲ. ಅವರು ಆಗಲೇ ಸಾಲಿನೊಳಗೆ ನುಗ್ಗಿದ್ದರು. ತಾಸಗಾಂವದ ಒಣದ್ರಾಕ್ಷಿ ಪೇಟೆಗೆ ಹೋಗಿ ಬಂದು ಅವರ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ಚಾಟ್ನಿ ಯಾವ ವಾರ, ಬುಡ ಡಾಗ್ರಿಜ್ಜೋ ಬೇರೆಯದೋ, ಔಷಧ ಎಷ್ಟು ಸಲ, ಎಲ್ಲ ಕೇಳಿದರು. ನಮ್ಮಲ್ಲಿ ಬಳ್ಳಿ ಚಪ್ಪರದಂತೆ ಹರಡಿದರೆ ಇಲ್ಲಿ ಗೋಡೆಯಂತೆ ನೆಟ್ಟಗೆ ನಿಂತಿತ್ತು. “ಇಷ್ಟ ಗೊನಿ ಯಾಕ ಬಿಟ್ಟೀರಿ? ಗಿಡಕ್ಕ ತಾಕತ್ತ ಅದಲ್ಲ?” ಎಂದು ಅವರಿಗೆ ಸಂಕಟ. ಗೊನೆ ಕಡಿಮೆ ಇದ್ದಷ್ಟೂ ರಸ ಗಟ್ಟಿಯಾಗುತ್ತದೆ, ಬೇಕೆಂದೇ ತೆಗೆಯುತ್ತೇವೆ ಎಂದು ಆತ ವಿವರಿಸಿದರು.

ಅಪ್ಪ ಒಂದು ಹಣ್ಣು ಬಾಯಿಗೆ ಹಾಕಿದರು. ಬಟಾಣಿಗಿಂತ ತುಸು ದೊಡ್ಡದು. ಚಪ್ಪರಿಸಿದರು, ಬೀಜ ಕಡಿದರು, ಉಗುಳಿದರು, ಸಿಪ್ಪೆಯನ್ನು ಮಾತ್ರ ಬಹಳ ಹೊತ್ತು ಅಗಿದರು.

“ಸಕ್ರಿ ನಮ್ಮದಕ್ಕಿಂತ ಮುಂದ ಅದ. ಹುಳಿ ಇನ್ನ ಹೋಗಿಲ್ಲ. ಸಿಪ್ಪಿ ಒಗರು, ನೇರಳೆಹಣ್ಣಿನ ಗತೆ.”

ನಾನು ಹತ್ತು ವರ್ಷ ಪುಸ್ತಕ ಓದಿ, ‘ಟ್ಯಾನಿನ್’ ‘ಆಸಿಡಿಟಿ’ ಅನ್ನುತ್ತ ಸುತ್ತಾಡಿದ್ದು ಇದರ ಸುತ್ತಲೇ. ಒಗರು ಎನ್ನುವ ಮಾತನ್ನು ಗ್ಲಾಸಿನೆದುರು ನಾನು ಒಮ್ಮೆಯೂ ಬಳಸಿರಲಿಲ್ಲ. ಅಡಿಕೆ, ನೆಲ್ಲಿಕಾಯಿ, ನೇರಳೆ ತಿಂದು ಬೆಳೆದ ಬಾಯಿಗೆ ಅದೇನು ಹೊಸದೇ?

ರುಚಿ ನೋಡುವ ಕೋಣೆಯಲ್ಲಿ ನಾಲ್ಕು ಗ್ಲಾಸ್ ಇಟ್ಟರು. ಕೊನೆಯದು ‘ಸೆಟ್ಟೆ’, ಅವರ ತುಟ್ಟಿಯ ಕೆಂಪು, ಬಾಟಲಿಗೆ ಎರಡು ಸಾವಿರದ ಹತ್ತಿರ. ಅಪ್ಪನ ಮುಂದೆ ಬಾಯಿಗಿಟ್ಟದ್ದು ಅದೇ ಮೊದಲ ಸಲ. ಮುಂದೆ ಗಾಡಿ ಓಡಿಸಬೇಕಿತ್ತು, ಆದ್ದರಿಂದ ಪಾತ್ರೆಗೆ ಉಗುಳಿದೆ.

“ಉಗಳಾಕ ರೊಕ್ಕಾ ಕೊಡ್ತೀರೇನೋ?”

ಅವರು ಕುಡಿಯಲಿಲ್ಲ. ಆದರೆ ಒಂದೊಂದೇ ಗ್ಲಾಸನ್ನು ಮೂಗಿಗೆ ಹಿಡಿದರು. ಶೆನಿನ್‌ಗೆ ‘ಪ್ಯಾರಲಹಣ್ಣು’ ಅಂದರು. ಸಾಂಜೊವೇಸೆಗೆ ‘ಒಣಗಿಸಿದ ಬಾರಿಹಣ್ಣು’ ಅಂದರು. ನಾನು ಇಷ್ಟು ದಿನ ಕಂಡೇ ಇರದ ಇಟಲಿಯ ಚೆರ‍್ರಿಯನ್ನು ಅದರಲ್ಲಿ ಹುಡುಕುತ್ತಿದ್ದೆ. ಸೆಟ್ಟೆಯನ್ನು ಮೂಸಿ “ಕಟಗಿ ಅಡ್ಡೆ” ಅಂದರು. ಪೀಪಾಯಿಯ ಓಕ್ ಮರ ಅದು! ನನಗೆ ಅವೆರಡೂ ಇಷ್ಟವಾದವು, ಆದರೆ ರೊಟ್ಟಿಯ ಜೊತೆ ಬೇಕೆನಿಸಿದ್ದು ಸಾಂಜೊವೇಸೆಯೇ. ಮೊದಲ ಸಲ ಬೆಲೆ ನೋಡದೆ ಎರಡು ಬಾಟಲಿ ತಗೊಂಡೆ. ಅಗ್ಗದ್ದೇ ಆಗಿತ್ತು.

ಹೊರಗೆ ಬೇವಿನ ಮರದ ಕೆಳಗೆ ಎಕ್ಸೆಲ್ ಶೀಟ್ ತೆಗೆದೆ. ಒಂದು ಬಾಟಲಿಗೆ ಒಂದು ಕಿಲೋಕ್ಕಿಂತ ತುಸು ಹೆಚ್ಚು ದ್ರಾಕ್ಷಿ ಸಾಕು. ನಮ್ಮ ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋ ಬೇಕು. ಅಪ್ಪ ಕೇಳಿಸಿಕೊಂಡರು.

“ಈ ದ್ರಾಕ್ಷಿ ಯಾರೂ ತಗೊಳ್ಳಲಿಲ್ಲಂದ್ರ?”

ನಾನು ಸುಮ್ಮನಾದೆ. 2008ರ ಕುಸಿತದ ನಂತರ ನಾಸಿಕದಲ್ಲಿ ಆದದ್ದು ಅದೇ. ವೈನ್ ಮಾರಾಟ ಬಿತ್ತು, ಎಷ್ಟೋ ವೈನರಿಗಳು ಹಣ್ಣು ಕೊಳ್ಳುವುದು ನಿಲ್ಲಿಸಿದವು, ರೈತರು ಬಳ್ಳಿ ಕಿತ್ತು ಹಾಕಿದರು. ನನಗೆ ಗೊತ್ತಿತ್ತು. ಶೀಟಿನಲ್ಲಿ ಅದಕ್ಕೊಂದು ಕಾಲಮ್ ಇರಲಿಲ್ಲ.

“ಕಿಸಮಿಸ್ ಹೋಗಲಿಲ್ಲಂದ್ರ ಕೋಲ್ಡ್ ಸ್ಟೋರೇಜಿನಾಗ ಇಡ್ತೀನಿ. ಹಸೀದು ಇದ್ದಾಗನ ಕಿಲೋಗಟ್ಟಲೆ ಪ್ಯಾಟಿಗೆ ಒಯ್ತೀನಿ. ಈ ಬೀಜದ ಕಾಳು ಯಾರು ತಿಂತಾರ? ಒಬ್ಬನ ಗಿರಾಕಿನ್ನ ನಂಬಿ ಹದಿನೈದು ವರ್ಷದ ಗಿಡ ಹಚ್ಚಲೇನು?” ಆಮೇಲೆ ದನಿ ಇಳಿಸಿ, “ನೀ ಕುಡಿ, ಹದ್ದಿನ್ಯಾಗ. ನಿಮ್ಮವ್ವನ ಮುಂದ ಬ್ಯಾಡ” ಅಂದರು.

ಲ್ಯಾಪ್‌ಟಾಪ್ ಮುಚ್ಚಿದೆ. ಹೊರಡುವಾಗ ತೋಟದವರು ಅಪ್ಪನ ಕೈಗೆ ಒಂದು ಗೊನೆ ಕೊಟ್ಟರು. ಕರವಸ್ತ್ರದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಪಂಢರಪುರದಲ್ಲಿ ಕೈ ಮುಗಿಯುವಾಗಲೂ ಬಿಡದೆ ಊರಿಗೆ ತಂದರು.

ಸಂಜೆ ಮನೆ ಮುಟ್ಟಿದಾಗ ತಮ್ಮ ಕಟಾವಿನ ಆಳುಗಳಿಗೆ ಫೋನ್ ಮಾಡುತ್ತಿದ್ದ. ಅಪ್ಪ ಕೈಕಾಲು ತೊಳೆಯದೆ ನೇರ ಗೂಡಿನಿಂದ ಬ್ರಿಕ್ಸ್ ಮೀಟರ್ ತೆಗೆದು, ಅಕಲೂಜಿನ ಹಣ್ಣು ಹಿಂಡಿ, ಬೆಳಕಿಗೆ ಹಿಡಿದು, ಆಪರೇಷನ್ ಆದ ಕಣ್ಣಿನಿಂದಲೇ ನೋಡಿದರು. “ಇಪ್ಪತ್ಮೂರೂವರಿ.” ಆಮೇಲೆ ನಮ್ಮ ತೋಟದ್ದು ಹಿಂಡಿದರು. “ಹತ್ತೊಂಬತ್ತು. ಫೋನ್ ಇಡೋ. ಇನ್ನ ಎರಡು ವಾರ ಯಾರೂ ಕತ್ರಿ ಹಚ್ಚಬ್ಯಾಡ್ರಿ.”